ಸಂಧಿಪ್ರಕರಣ

ಎರಡೂವರೆ ತಿಂಗಳ ಒಂದು ಗಂಡು ಗಿನಿಪಿಗ್ ಮರಿಯನ್ನು ನಾಲ್ಕು ವರ್ಷ ತುಂಬಿದ ಇನ್ನೊಂದು ಗಂಡು ಗಿನಿಪಿಗ್ಗಿಗೆ ಪರಿಚಯ ಮಾಡಿಕೊಡುವುದು ಎಷ್ಟು ಹೊತ್ತಿನ ಕೆಲಸ? ಈ ಪ್ರಶ್ನೆಯನ್ನು ಹೋದ ವರ್ಷದ ಜ್ಯೇಷ್ಠಮಾಸದಲ್ಲಿ ಯಾರಾದರೂ ನನ್ನನ್ನು ಕೇಳಿದ್ದರೆ, "ಐದು ನಿಮಿಷ" ಎಂದು ನಿಸ್ಸಂಕೋಚವಾಗಿ ಉತ್ತರ ಕೊಟ್ಟುಬಿಡುತ್ತಿದ್ದೆ. ಈಗ ಕೇಳಿದರೆ, ಎಡಗೈ ಹೆಬ್ಬೆರಳಿನ ಮೇಲಿರುವ ಎರಡು ಸಣ್ಣ ಕಲೆಗಳನ್ನು ತೋರಿಸಿ, "ಕುಳಿತುಕೊಳ್ಳಿ, ಹೇಳುತ್ತೇನೆ" ಎನ್ನುತ್ತೇನೆ.

ಮೊದಲು ಪಾತ್ರಪರಿಚಯವಾಗಲಿ. ನಮ್ಮ ಮನೆಯಲ್ಲಿ ನಾಲ್ಕು ವರ್ಷಗಳಿಂದ ಎರಡು ಗಂಡು ಗಿನಿಪಿಗ್‌ಗಳಿದ್ದುವು. ಒಂದರ ಮೈ ಪೂರಾ ಕಂದು. ಮುಖದಲ್ಲಿ ಏನೋ ಒಂದು ಅಧಿಕಾರದ ಕಳೆ. ಇನ್ನೊಂದು ಬಿಳಿ, ಬಲಗಿವಿಯ ಹಿಂದೆ ಲೇಖಣಿ ಸಿಕ್ಕಿಸಿಕೊಂಡಂತೆ ಒಂದು ಕರಿಯ ಗೆರೆ. ಹಳ್ಳಿಯಲ್ಲಿ ಬೆಳೆದ ನನ್ನ ತಾಯಿ ಇವನ್ನು ನೋಡಿದ ದಿನವೇ ಮೊದಲನೆಯದಕ್ಕೆ ಪಟೇಲರೆಂದೂ ಎರಡನೆಯದಕ್ಕೆ ಶಾನುಭೋಗರೆಂದೂ ನಾಮಕರಣ ಮಾಡಿದರು. ಹೆಸರಿಗೆ ತಕ್ಕ ನಡತೆಯೂ ಇತ್ತು. ಊಟಕ್ಕೆ ಪಟೇಲರು ಮುಂದೆ, ಶಾನುಭೋಗರು ಅರ್ಧ ಅಡಿ ಹಿಂದೆ. ನಿದ್ರೆಗೆ ಮಾತ್ರ ಇಬ್ಬರೂ ಮೈಗೆ ಮೈ ಹತ್ತಿಸಿ ಮಲಗುತ್ತಿದ್ದರು. ಅಡಿಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲು ತೆರೆದ ಸದ್ದಾದರೆ ಸಾಕು, ಇಬ್ಬರೂ ಹಿಂಗಾಲ ಮೇಲೆ ನಿಂತು ರೈಲಿನ ಗಾರ್ಡಿನಂತೆ ಸಿಳ್ಳು ಹಾಕುತ್ತಿದ್ದರು. ಅವರ ಸಿಳ್ಳಿಗೆ ಅಂಜಿ ನಮ್ಮ ಮನೆಯಲ್ಲಿ ಯಾರೂ ಕದ್ದು ಏನನ್ನೂ ತಿನ್ನುವಂತಿರಲಿಲ್ಲ.

ಹೋದ ವೈಶಾಖದಲ್ಲಿ ಒಂದು ಬೆಳಿಗ್ಗೆ ಪಟೇಲರು ಏಳಲಿಲ್ಲ.

ಮಗಳು ಅತ್ತಳು, ಹಿತ್ತಲಿನ ದಾಸವಾಳದ ಬುಡದಲ್ಲಿ ಕುಣಿ ತೋಡಿದ್ದಾಯಿತು. ಮನುಷ್ಯರಾದ ನಾವು ಹತ್ತು ದಿನಗಳಲ್ಲಿ ಮಾಮೂಲಿಗೆ ಬಂದೆವು. ಶಾನುಭೋಗರು ಬರಲಿಲ್ಲ. ಗೂಡಿನ ಒಂದು ಮೂಲೆಯಲ್ಲಿ, ಪಟೇಲರು ಮಲಗುತ್ತಿದ್ದ ಕಡೆಗೆ ಬೆನ್ನು ಮಾಡಿ, ಗಂಟೆಗಟ್ಟಲೆ ಕುಳಿತಿರುತ್ತಿದ್ದರು. ಫ್ರಿಜ್ಜಿನ ಬಾಗಿಲು ತೆರೆದರೂ ಸಿಳ್ಳಿಲ್ಲ. ವಾರಕ್ಕೊಮ್ಮೆ ಅಡಿಗೆಮನೆಯ ತಕ್ಕಡಿಯಲ್ಲಿಟ್ಟು ತೂಗುವುದು ನಮ್ಮ ಪದ್ಧತಿ. 1,080 ಗ್ರಾಂ ಇದ್ದವರು ಮೂರು ವಾರಗಳಲ್ಲಿ 985ಕ್ಕೆ ಇಳಿದರು. ಪಶುವೈದ್ಯರು ಹಲ್ಲು ನೋಡಿದರು, ಹೊಟ್ಟೆ ಅಮುಕಿ ನೋಡಿದರು, ಎದೆಗೆ ನಳಿಗೆಯಿಟ್ಟು ಕೇಳಿದರು. "ರೋಗವೇನೂ ಇಲ್ಲ. ಒಂಟಿಯಾಗಿದಾನೆ, ಅಷ್ಟೆ. ಜೊತೆ ಮಾಡಿ" ಎಂದರು.

ಈ ಪ್ರಾಣಿಯ ವಿಚಾರ ಎರಡು ಮಾತು ಹೇಳದೆ ಮುಂದುವರಿಯುವಂತಿಲ್ಲ. ಇದು ಗಿನಿ ದೇಶದ್ದೂ ಅಲ್ಲ, ಹಂದಿಯೂ ಅಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಸೀಮೆಯಲ್ಲಿ ಸಾವಿರಾರು ವರ್ಷಗಳ ಹಿಂದೆಯೇ ಮನುಷ್ಯನಿಗೆ ಒಗ್ಗಿದ, ಇಲಿ ಅಳಿಲುಗಳ ಬಳಗಕ್ಕೆ ಸೇರಿದ ಜೀವಿ. ಅಲ್ಲಿಯವರು ಇದನ್ನು 'ಕುಯ್' ಎಂದು ಕರೆಯುತ್ತಾರೆ. 'ಕುಂಯ್‌ಗುಟ್ಟು' ಎಂಬ ಕ್ರಿಯಾಪದವಿರುವ ನಮಗೆ ಆ ಹೆಸರಿನ ಔಚಿತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರು ಅದನ್ನು ಸಾಕಿದ್ದು ತಿನ್ನುವುದಕ್ಕೆ. ಪೆರು ದೇಶದ ಕುಸ್ಕೊ ನಗರದ ಪ್ರಧಾನ ಇಗರ್ಜಿಯಲ್ಲಿ ಮಾರ್ಕೋಸ್ ಸಪಾಟಾ ಎಂಬ ಹದಿನೆಂಟನೆಯ ಶತಮಾನದ ಚಿತ್ರಕಾರನು ಬರೆದ ಏಸುವಿನ ಕಡೆಯ ಭೋಜನದ ಚಿತ್ರವಿದೆ. ಅದರಲ್ಲಿ ಮೇಜಿನ ನಡುವಣ ತಟ್ಟೆಯಲ್ಲಿ ಅಂಗಾತ ಮಲಗಿರುವುದು ಇದೇ ಪ್ರಾಣಿ. (ಈ ಸಂಗತಿಯನ್ನು ನನ್ನ ತಾಯಿಯವರಿಂದ ಮುಚ್ಚಿಟ್ಟಿದ್ದೇನೆ.) ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರು ಯೂರೋಪಿಗೆ ಒಯ್ದರು. ಆಮೇಲೆ ಇದರ ಬಾಳು ಪ್ರಯೋಗಶಾಲೆಗೂ ಮಕ್ಕಳ ಕೋಣೆಗೂ ಹಂಚಿಹೋಯಿತು. ಎಲ್ಲಿಗೆ ಹೋದರೂ ಬಿಡದ ಸ್ವಭಾವವೊಂದುಂಟು: ಗುಂಪಿನಲ್ಲಲ್ಲದೆ ಇದು ಬದುಕಲೊಲ್ಲದು. ಇದನ್ನು ಸ್ವಿಟ್ಸರ್‌ಲೆಂಡಿನವರು ಎಷ್ಟು ಮನಸ್ಸಿಗೆ ಹಚ್ಚಿಕೊಂಡರೆಂದರೆ, 2008ರಲ್ಲಿ ಜಾರಿಗೆ ಬಂದ ಅಲ್ಲಿಯ ಪ್ರಾಣಿರಕ್ಷಣಾ ನಿಯಮಗಳ ಪ್ರಕಾರ ಗಿನಿಪಿಗ್ಗನ್ನು ಒಂಟಿಯಾಗಿ ಸಾಕುವುದು ತಪ್ಪು. ಜೊತೆ ಸತ್ತು ಒಂಟಿಯಾದ ಪ್ರಾಣಿಗೆ ಅದರ ಶೇಷಾಯುಷ್ಯದ ಮಟ್ಟಿಗೆ ಇನ್ನೊಂದನ್ನು ಬಾಡಿಗೆಗೆ ಕೊಡುವ ಏರ್ಪಾಡು ಕೂಡ ಅಲ್ಲಿ ಹುಟ್ಟಿಕೊಂಡಿತು.

ಈ ಬಾಡಿಗೆಯ ಮಾತನ್ನು ನಾನು ಊಟದ ಹೊತ್ತಿನಲ್ಲಿ ಎತ್ತಿದೆ. ಮನೆಯಾಕೆ ಹುಳಿಯ ಸೌಟನ್ನು ಕೆಳಗಿಟ್ಟಳು.

"ಇಲ್ಲಿ ಬಾಡಿಗೆಗೆ ಯಾರು ಕೊಡ್ತಾರೆ? ಕೊಂಡುಕೊಂಡೇ ಬರಬೇಕು. ಬಂದದ್ದು ಮರಿ. ಶಾನುಭೋಗರಿಗೆ ಈಗಲೇ ನಾಲ್ಕು ವರ್ಷ. ನಾಳೆ ಅವರು ಹೋದರೆ ಆ ಮರಿ ಒಂಟಿ. ಅದಕ್ಕೊಂದು ಜೊತೆ. ಆಮೇಲೆ ಆ ಜೊತೆಗೊಂದು ಜೊತೆ. ಇದಕ್ಕೆ ಕೊನೆ ಎಲ್ಲಿ, ಹೇಳಿ ನೋಡೋಣ?"

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಈ ಪ್ರಾಣಿಯ ಆಯುಸ್ಸು ಐದರಿಂದ ಎಂಟು ವರ್ಷ. ಲೆಕ್ಕ ಅವಳದೇ ಸರಿ. ಆದರೆ ಆ ರಾತ್ರಿ ದೀಪವಾರಿಸಲು ಹೋದಾಗ, ಗೂಡಿನ ಮುಂದೆ ಅವಳೇ ಕುಳಿತು ಒಂದು ಕೊತ್ತಂಬರಿ ಕಡ್ಡಿಯನ್ನು ಶಾನುಭೋಗರ ಮೂಗಿನ ಬಳಿ ಹಿಡಿದಿದ್ದುದನ್ನು ಕಂಡೆ. ಅವರು ಮೂಸಿ ನೋಡಿ ಮುಖ ತಿರುಗಿಸಿದರು. ಮರುದಿನ ಬೆಳಿಗ್ಗೆ, "ಹೆಣ್ಣನ್ನೇ ತನ್ನಿ. ಗಂಡು ಗಂಡು ಜಗಳ ಆಡ್ತಾವಂತೆ" ಎಂದು ಅಪ್ಪಣೆಯಾಯಿತು.

ಹೆಣ್ಣನ್ನು ತಂದರೆ ಜಗಳವಾಗದು, ನಿಜ. ಆದರೆ ಎರಡು ಎರಡೂವರೆ ತಿಂಗಳಿಗೊಮ್ಮೆ ಮೂರು ನಾಲ್ಕು ಮರಿಗಳಾಗುತ್ತವೆ. ಗರ್ಭದ ಅವಧಿ ಒಂಬತ್ತು ಹತ್ತು ವಾರ ಮಾತ್ರ. ಮರಿಗಳು ಕಣ್ಣು ತೆರೆದು, ಹಲ್ಲು ಮೂಡಿ, ಮೈತುಂಬ ಕೂದಲಿಟ್ಟುಕೊಂಡೇ ಹುಟ್ಟಿ, ಅಂದೇ ಓಡಾಡತೊಡಗುತ್ತವೆ. ಹೆತ್ತ ದಿನವೇ ತಾಯಿ ಮತ್ತೆ ಗರ್ಭ ಧರಿಸಬಲ್ಲುದು. ಇದೆಲ್ಲ ನನಗೆ ಆಗ ತಿಳಿಯದು. ಹೇಳಿದಂತೆ ಹೆಣ್ಣನ್ನೇ ಕೇಳಿ ತಂದೆ. ಅಂಗಡಿಯವರು, "ಹೆಣ್ಣೇ ಸಾರ್, ನೋಡಿದರೆ ಗೊತ್ತಾಗಲ್ವೆ?" ಎಂದರು. ಕಪ್ಪು ಬಿಳುಪು ಕಂದುಗಳು ಕಲಸಿದ, ನೆತ್ತಿಯ ಮೇಲೆ ಸುಳಿಯಿದ್ದ ಮರಿ. ಮಗಳು ಅದಕ್ಕೆ ಗೌರಿ ಎಂದು ಹೆಸರಿಟ್ಟಳು. ಮಾರನೆಯ ದಿನ ಪಶುವೈದ್ಯರು ಅದನ್ನು ಅಂಗಾತ ಹಿಡಿದು, ಮೂರು ಕ್ಷಣ ನೋಡಿ, "ಗಂಡು" ಎಂದರು. ಮಗಳ ಮುಖ ಸಣ್ಣದಾಯಿತು. ನಾನು ಕನ್ನಡದ ಮೇಷ್ಟರಾದುದು ಅಂದು ಉಪಯೋಗಕ್ಕೆ ಬಂತು. "ಗೌರಿ ಎಂಬುದರ ಮುಂದೆ ಈಶ ಎಂದು ಸೇರಿಸಿದರೆ ಸವರ್ಣದೀರ್ಘಸಂಧಿಯಾಗಿ ಗೌರೀಶನಾಗುತ್ತಾನೆ" ಎಂದೆ. ವ್ಯಾಕರಣದಿಂದ ಮನೆಯಲ್ಲಿ ಒಬ್ಬರಿಗೆ ಸಮಾಧಾನವಾದುದು ಅದೇ ಮೊದಲು.

ವೈದ್ಯರೂ ಸಮಾಧಾನ ಹೇಳಿದರು. ಗಂಡಾದುದು ಒಳ್ಳೆಯದೇ ಆಯಿತು. ಗಂಡುಗಳಲ್ಲಿ ಹೊಂದಿಕೊಳ್ಳುವ ಜೋಡಿಯೆಂದರೆ ವಯಸ್ಸಾದ ಒಂದು, ಎಳೆಯದೊಂದು. ಸಮವಯಸ್ಕರಾದರೆ ಇಬ್ಬರಿಗೂ ಪಟೇಲಿಕೆ ಬೇಕು, ಎಳೆಯದಾದರೆ ಹಿರಿಯನ ಯಜಮಾನಿಕೆಯನ್ನು ಒಪ್ಪಿಕೊಳ್ಳುತ್ತದೆ. ಆದರೆ ಎರಡೇ ಇರಬೇಕು, ಮೂರನೆಯ ಗಂಡು ಕೂಡದು; ಹೆಣ್ಣಿನ ವಾಸನೆಯೂ ಸುಳಿಯಕೂಡದು. ಮುಖ್ಯವಾಗಿ, ಹೊಸತನ್ನು ಮೂರು ವಾರ ಬೇರೆ ಕೋಣೆಯಲ್ಲಿಡಬೇಕು, ಅಂಗಡಿಯಿಂದ ತಂದ ಹುಳುಕಜ್ಜಿ ಶೀತಗಳೇನಿದ್ದರೂ ಅಷ್ಟರಲ್ಲಿ ಹೊರಬೀಳುತ್ತವೆ.

ಮೂರು ವಾರ ನನ್ನ ಓದುವ ಕೋಣೆಯಲ್ಲಿ ಗೌರೀಶನ ವಾಸವಾಯಿತು. ಗರಿಕೆ ಇಬ್ಬರಿಗೂ ಬೇಕು. ನಮ್ಮ ಅಗ್ರಹಾರದ ನೂರೊಂದು ಗಣಪತಿ ದೇವಸ್ಥಾನದ ಬಳಿ ಹೂ ಮಾರುವ ಅಜ್ಜಿಯೊಬ್ಬರಿಂದ ದಿನವೂ ಕೊಳ್ಳುತ್ತಿದ್ದೆ. ನಾನು ಅದನ್ನು ಮನೆಗೆ ಒಯ್ದು ಮೂರು ಸಲ ತೊಳೆದು ಆರಹಾಕಿ ಯಾರಿಗೆ ನೈವೇದ್ಯ ಮಾಡುತ್ತೇನೆಂಬುದು ಅಜ್ಜಿಗೆ ತಿಳಿಯದು. ಇಷ್ಟು ಚಿಕ್ಕ ವಯಸ್ಸಿನಲ್ಲಿ ಇಷ್ಟು ದೈವಭಕ್ತಿಯೇ ಎಂದು ಅವರಿಗೆ ನನ್ನ ಮೇಲೆ ಬಹಳ ಗೌರವ. ಇಲಿಯ ಬಳಗಕ್ಕೆ ಸಂದರೆ ಗಣಪತಿಗೂ ಕೋಪ ಬಾರದೆಂದು ನಾನು ಸುಮ್ಮನಿದ್ದೆ.

ಇಪ್ಪತ್ತೆರಡನೆಯ ದಿನ ಭಾನುವಾರ. ತಾಯಿಯೂ ಮನೆಯಾಕೆಯೂ ಯಾರದೋ ಸೀಮಂತಕ್ಕೆ ಹೋಗಿದ್ದರು. ಅವರು ಬರುವಷ್ಟರಲ್ಲಿ ಕೆಲಸ ಮುಗಿಸಿ ಭೇಷ್ ಎನ್ನಿಸಿಕೊಳ್ಳಬೇಕೆಂದು ನನಗೆ ತೋರಿತು. ಹೊಸಬರನ್ನು ಮನೆಯೊಳಕ್ಕೆ ಕರೆದುಕೊಳ್ಳುವುದು ನಮ್ಮ ಸಂಪ್ರದಾಯವಷ್ಟೆ; ಗೌರೀಶನನ್ನು ಎತ್ತಿ ನೇರವಾಗಿ ಶಾನುಭೋಗರ ಗೂಡಿನಲ್ಲಿಟ್ಟೆ.

ಮೂಲೆ ಹಿಡಿದು ಕುಳಿತಿದ್ದ ಶಾನುಭೋಗರು ಎದ್ದರು. ಕುತ್ತಿಗೆಯ ಕೂದಲು ನಿಮಿರಿತು. ಹಲ್ಲಿಗೆ ಹಲ್ಲು ಕಟಕಟ ಬಡಿಯುವ ಸದ್ದು. ಬೆರಳಚ್ಚಿನ ಯಂತ್ರವನ್ನು ದೂರದಿಂದ ಕೇಳಿದಂತೆ. ಗೌರೀಶ ಬೆದರಿ, ಮಲಗಲೆಂದು ಇಟ್ಟಿದ್ದ ಮರದ ಪೆಟ್ಟಿಗೆಯೊಳಕ್ಕೆ ನುಗ್ಗಿದ. ಪೆಟ್ಟಿಗೆಗೆ ಇದ್ದದ್ದು ಒಂದೇ ಬಾಗಿಲು. ಹಿಂದೆಯೇ ಶಾನುಭೋಗರು. ಒಳಗೆ ಎದ್ದ ಚೀತ್ಕಾರಕ್ಕೆ ನನ್ನ ಎದೆ ಒಡೆದುಹೋಯಿತು. ಬರಿಗೈಯನ್ನು ಒಳಗೆ ಹಾಕಿದೆ. ಯಾರ ಹಲ್ಲೆಂದು ಈವರೆಗೆ ಇತ್ಯರ್ಥವಾಗಿಲ್ಲ. ಗೌರೀಶನ ಕಿವಿಯಂಚು ಕೂದಲೆಳೆಯಷ್ಟು ಸೀಳಿತ್ತು. ಮಿಕ್ಕ ರಕ್ತವೆಲ್ಲ ನನ್ನದೆ. ಸೀಮಂತದಿಂದ ಬಂದವರು ನೋಡಿದ್ದು, ಬೆರಳಿಗೆ ಪಟ್ಟಿ ಸುತ್ತಿಕೊಂಡ ಗೃಹಸ್ಥನನ್ನೂ, ಅಪ್ಪನೊಡನೆ ಮಾತು ಬಿಟ್ಟ ಮಗಳನ್ನೂ.

ಕನ್ನಡದಲ್ಲಿ ಲೋಪಸಂಧಿ ಎಂದೊಂದುಂಟು. ಎರಡು ಸ್ವರಗಳು ಎದುರಾದಾಗ ಒಂದು ಬಿದ್ದುಹೋಗುತ್ತದೆ. ಆ ದಿನ ಆಗುವುದರಲ್ಲಿದ್ದುದು ಅದೇ. ಆದರೆ ತಪ್ಪು ಯಾರದೆಂದು ಕುಳಿತು ಯೋಚಿಸಿದಾಗ ಶಾನುಭೋಗರಲ್ಲಿ ನನಗೆ ತಪ್ಪು ಕಾಣಿಸಲಿಲ್ಲ. ತನ್ನ ವಾಸನೆ ತುಂಬಿದ, ತಾನು ಮೂರು ವಾರ ದುಃಖದಿಂದ ಕಾದುಕೊಂಡು ಕುಳಿತ ನೆಲಕ್ಕೆ ಯಾರನ್ನೋ ತಂದು ಹಾಕಿದರೆ ಆತ ಅತಿಥಿಯೆಂದು ತಿಳಿಯುವುದು ಹೇಗೆ? ಒಂದೇ ಬಾಗಿಲಿನ ಪೆಟ್ಟಿಗೆಯಂತೂ ನಾನೇ ಒಡ್ಡಿದ ಬೋನು.

ಒಂದು ವಾರ ಬಿಟ್ಟು, ಈ ಸಲ ಮನೆಯವರೆಲ್ಲರ ಸಮ್ಮುಖದಲ್ಲಿ, ಕ್ರಮವಾಗಿ ನಡೆಸಿದೆವು. ನಡುಮನೆಯ ನೆಲವನ್ನು ಒರಸಿ, ಹಳೆಯ ಜಮಖಾನ ಹಾಸಿ, ಸುತ್ತಲೂ ರಟ್ಟಿನ ಪೆಟ್ಟಿಗೆಗಳ ಕೋಟೆ ಕಟ್ಟಿದ್ದಾಯಿತು. ಅಲ್ಲಿ ಇಬ್ಬರಲ್ಲಿ ಯಾರೂ ಕಾಲಿಟ್ಟಿರಲಿಲ್ಲ. ನಡುವೆ ಗರಿಕೆ ಮತ್ತು ಒಣಹುಲ್ಲಿನ ದೊಡ್ಡ ರಾಶಿ. ಎರಡು ಕಡೆ ಸೌತೆಕಾಯಿ ಹೋಳು, ಎರಡು ಕಡೆ ನೀರು. ಮರೆಗೆ ಎರಡೂ ಕಡೆ ತೆರೆದ ರಟ್ಟಿನ ಸುರಂಗಗಳು. ನನ್ನ ಕೈಯಲ್ಲಿ ದಪ್ಪನೆಯ ಟವೆಲು ಮತ್ತು ಮೊರ. ಬಿಡಿಸಬೇಕಾದರೆ ಮೊರವನ್ನು ನಡುವೆ ಇಳಿಸುವುದು, ಕೈ ಹಾಕುವುದಿಲ್ಲ. ವೈದ್ಯರ ಇನ್ನೊಂದು ಮಾತು ಎಲ್ಲಕ್ಕಿಂತ ಕಠಿಣವಾಗಿತ್ತು: "ರಕ್ತ ಬಾರದ ಹೊರತು ಬಿಡಿಸಬೇಡಿ. ಪ್ರತಿ ಸಲ ಬಿಡಿಸಿದರೆ ಪ್ರತಿ ಸಲ ಮೊದಲಿನಿಂದ ಆರಂಭ."

ಬೆಳಿಗ್ಗೆ ಹತ್ತು ಗಂಟೆಗೆ ಬಿಟ್ಟೆವು. ಕಾಲು ಗಂಟೆ ಇಬ್ಬರೂ ಒಬ್ಬರನ್ನೊಬ್ಬರು ಕಾಣದವರಂತೆ ಹುಲ್ಲು ಮೆದ್ದರು. ಆಮೇಲೆ ಶಾನುಭೋಗರು ನಡೆಯತೊಡಗಿದರು. ಅದನ್ನು ನಡಿಗೆ ಎನ್ನುವುದಕ್ಕಿಂತ ಸವಾರಿ ಎನ್ನಬೇಕು. ಹಿಂಭಾಗವನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ತೂಗುತ್ತ, ಗಂಟಲೊಳಗೆ ಮೋಟಾರಿನಂಥ ಗುರುಗುರು ನಾದ ಹೊರಡಿಸುತ್ತ, ಗೌರೀಶನ ಸುತ್ತ ಒಂದು ಪ್ರದಕ್ಷಿಣೆ. ಮಧ್ಯೆ ಮಧ್ಯೆ ನಿಂತು ಪೃಷ್ಠವನ್ನು ನೆಲಕ್ಕೆ ಒತ್ತಿ ಎಳೆಯುವುದು. ಅಲ್ಲಿರುವ ಗ್ರಂಥಿಯಿಂದ ತನ್ನ ವಾಸನೆಯ ಮೊಹರು ಹಾಕುವ ಕ್ರಮವಂತೆ. ನಾಲ್ಕು ವರ್ಷ ಪಟೇಲರ ಅರ್ಧ ಅಡಿ ಹಿಂದೆ ನಡೆದ ಜೀವ! ಈ ಠೀವಿಯನ್ನು ಎಲ್ಲಿ ಬಚ್ಚಿಟ್ಟುಕೊಂಡಿತ್ತೋ!

ಆಮೇಲೆ ಬೆನ್ನಟ್ಟುವುದು, ಮೂಗಿನಿಂದ ತಿವಿಯುವುದು, ಮೇಲೇರುವುದು. ಮಗಳು ಕೇಳಬಾರದ ಪ್ರಶ್ನೆಯನ್ನು ಕೇಳಿದಳು. ಮನೆಯಾಕೆ, "ತಾನು ದೊಡ್ಡವನೂಂತ ತೋರಿಸ್ಕೊಳ್ತಾ ಇದಾನೆ, ಅಷ್ಟೆ" ಎಂದು, ಶಾಸ್ತ್ರಕ್ಕೆ ವಿರೋಧವಾಗದಂತೆ ಉತ್ತರ ಕೊಟ್ಟಳು. ಗೌರೀಶ ಪ್ರತಿಯೊಂದಕ್ಕೂ ಬೆಂಕಿ ತಗುಲಿದವನಂತೆ ಕಿರಿಚುತ್ತಿದ್ದ. ಅಮ್ಮನಿಗೆ ತಡೆಯಲಾಗಲಿಲ್ಲ.

"ಅಯ್ಯೋ, ಮಗೂನ ಕೊಂದುಹಾಕ್ತಾನೆ ಕಣೋ! ಎತ್ತಿಕೊಳ್ಳೋ ಅದನ್ನ! ನಿಮಗೆ ಕರುಣೆ ಅನ್ನೋದು ಇಲ್ವೆ?"

"ಅಜ್ಜಿ, ಮುಟ್ಟಬೇಡಿ!" ಎಂದು ಮಗಳು ಅವರ ಸೆರಗು ಹಿಡಿದುಕೊಂಡಳು.

ಆ ಎರಡು ಗಂಟೆ ನನ್ನ ಜೀವಮಾನದಲ್ಲಿ ಕಷ್ಟವಾದವು. ಕೂಗಿಗೂ ಗಾಯಕ್ಕೂ ಸಂಬಂಧವಿಲ್ಲವೆಂಬುದನ್ನು ಕಿವಿಗೆ ಒಪ್ಪಿಸುವುದು ಎಷ್ಟು ಕಷ್ಟ! ಕಿರಿಚಿ ಓಡುವ ಮರಿ "ಒಪ್ಪಿದೆ, ಒಪ್ಪಿದೆ" ಎನ್ನುತ್ತಿದೆ; ಅದು ನಿಂತು ಮರುಮಾತಾಡದಿರುವುದೇ ಕ್ಷೇಮದ ಗುರುತು. ಅಂಜಬೇಕಾದುದು ಸದ್ದಿಲ್ಲದ ಗಳಿಗೆಗಳಿಗೆ. ಇಬ್ಬರೂ ಮುಖಾಮುಖಿ ನಿಂತು, ಯಾರ ಮೂಗು ಮೇಲೆ ಎಂದು ಒಂದೇ ಸಮನೆ ತಲೆಯೆತ್ತುತ್ತ ಹೋಗಿ, ಬಾಯಿ ಅಗಲಿಸಿ ಆಕಳಿಸುವಂತೆ ಹಲ್ಲು ತೋರಿ, ಕೂದಲು ನಿಮಿರಿ, ಹಲ್ಲು ಕಟಕಟಿಸಿದರೆ ಆಗ ಮೊರ ಸಿದ್ಧವಿರಬೇಕು. ಎರಡು ಸಲ ಹಾಗೆ ಆಯಿತು. ಎರಡು ಸಲವೂ ಗೌರೀಶನೇ ತಲೆ ತಗ್ಗಿಸಿ ಪಕ್ಕಕ್ಕೆ ತಿರುಗಿದ. ಅಂಗಡಿಯಲ್ಲಿ ಹತ್ತಾರು ಮರಿಗಳ ನಡುವೆ ಬೆಳೆದ ಆ ಸಣ್ಣ ಪ್ರಾಣಿಗೆ ತಿಳಿದಿದ್ದ ಮರ್ಯಾದೆ ಹೋದ ಭಾನುವಾರ ನನಗೆ ತಿಳಿದಿರಲಿಲ್ಲ.

ಮಧ್ಯಾಹ್ನ ಒಂದು ಗಂಟೆಗೆ ಇಬ್ಬರೂ ಹುಲ್ಲಿನ ರಾಶಿಯ ಎರಡು ಪಕ್ಕದಲ್ಲಿ ಮಲಗಿದರು. ಎರಡು ಸ್ವರಗಳ ನಡುವೆ ಯಕಾರ ಬಂದು ಎರಡನ್ನೂ ಉಳಿಸುವ ಆಗಮಸಂಧಿಯ ಉದಾಹರಣೆಗೆ ತರಗತಿಯಲ್ಲಿ ಇನ್ನು ಮೇಲೆ ಇದನ್ನೇ ಕೊಡೋಣವೆನಿಸಿತು. ಸಂಜೆ ಐದಕ್ಕೆ ಒಂದೇ ಗರಿಕೆಯ ಎಸಳು ಎರಡು ಬಾಯಿಗಳ ನಡುವೆ ಕಂಡಿತು. ಹಿರಿಯರು ಎಳೆದರು, ಕಿರಿಯ ಬಿಟ್ಟುಕೊಟ್ಟ. ರಾತ್ರಿ, ವಿನೆಗರ್ ಬೆರೆಸಿದ ನೀರಿನಲ್ಲಿ ಉಜ್ಜಿ ಒಣಗಿಸಿದ್ದ ಗೂಡಿಗೆ ಇಬ್ಬರನ್ನೂ ಕೂಡಿಯೇ ಸೇರಿಸಿದೆವು. ಪೆಟ್ಟಿಗೆಗೆ ಅಷ್ಟರೊಳಗೆ ನಾನು ಎರಡನೆಯ ಬಾಗಿಲು ಕೊರೆದಿದ್ದೆ. ಗರಗಸ ಹಿಡಿದು ಕೊರೆದದ್ದಾದ್ದರಿಂದ ಅದರ ಆಕಾರವನ್ನು ವರ್ಣಿಸುವುದಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಫ್ರಿಜ್ಜು ತೆರೆದಾಗ ಗೂಡಿನಿಂದ ಸಿಳ್ಳು ಬಂತು. ದಪ್ಪ ಕಂಠದ, ಸ್ವಲ್ಪ ತುಕ್ಕು ಹಿಡಿದ ಸಿಳ್ಳು. ಮನೆಯಾಕೆ ಕೈಲಿದ್ದ ಮೊಸರಿನ ಪಾತ್ರೆಯನ್ನು ಹಾಗೆಯೇ ಹಿಡಿದು ನಿಂತುಬಿಟ್ಟಳು.

ಗಿನಿಪಿಗ್‌ಗಳ ನಡತೆಯನ್ನು ಜರ್ಮನಿಯ ಮ್ಯೂನ್‌ಸ್ಟರ್ ವಿಶ್ವವಿದ್ಯಾನಿಲಯದ ನಾರ್ಬರ್ಟ್ ಜಾಕ್ಸರ್ ಮತ್ತು ಅವರ ಸಂಗಡಿಗರು ಅನೇಕ ವರ್ಷ ಅಭ್ಯಸಿಸಿದ್ದಾರೆ. ಅವರು ಕಂಡುಕೊಂಡ ಸಂಗತಿಯೊಂದನ್ನು ಓದಿದ ಮೇಲೆ ನನಗೆ ಗೂಡಿನ ಕಡೆ ನೋಡುವ ದೃಷ್ಟಿಯೇ ಬೇರೆಯಾಯಿತು. ಹಿರಿಯ ಗಂಡುಗಳಿರುವ ದೊಡ್ಡ ಗುಂಪಿನಲ್ಲಿ ಬೆಳೆದ ಗಂಡನ್ನು, ಪ್ರಾಯಕ್ಕೆ ಬಂದ ಮೇಲೆ, ಗುರುತೇ ಇಲ್ಲದ ಇನ್ನೊಂದು ಗುಂಪಿಗೆ ಬಿಟ್ಟರೂ ಅದು ಸುತ್ತ ನೋಡಿ, ಯಾರು ಯಾರೆಂದು ತಿಳಿದು, ಹೆಚ್ಚು ಜಗಳವಿಲ್ಲದೆ ತನ್ನ ಜಾಗ ಹುಡುಕಿಕೊಳ್ಳುತ್ತದೆ; ಅದರ ರಕ್ತದಲ್ಲಿ ಕಳವಳದ ಸ್ರಾವವಾದ ಕಾರ್ಟಿಸಾಲ್ ಅಷ್ಟಾಗಿ ಏರದು. ಒಂಟಿಯಾಗಿಯೋ, ಒಂದು ಹೆಣ್ಣಿನ ಜೊತೆಯಲ್ಲಿ ಮಾತ್ರವೋ ಬೆಳೆದ ಗಂಡಾದರೆ, ಹೊಸಬರ ನಡುವೆ ಎದುರಾದವರ ಮೇಲೆಲ್ಲ ಬೀಳುತ್ತದೆ, ಸೋಲುತ್ತದೆ, ಕಳವಳದಿಂದ ಕೃಶವಾಗುತ್ತದೆ. ವ್ಯತ್ಯಾಸ ರಕ್ತದ್ದಲ್ಲ, ಪ್ರಾಯ ಮೂಡುವ ದಿನಗಳಲ್ಲಿ ಹಿರಿಯ ಗಂಡುಗಳಿಂದ ತಿವಿಸಿಕೊಂಡು, ಅಟ್ಟಿಸಿಕೊಂಡು, ಎಲ್ಲಿ ನಿಲ್ಲಬೇಕು ಎಲ್ಲಿ ಸರಿಯಬೇಕು ಎಂಬುದನ್ನು ಕಲಿತದ್ದರದು. ಎಂದರೆ, ನಾವು ಗೌರೀಶನನ್ನು ತಂದದ್ದು ಶಾನುಭೋಗರ ಒಂಟಿತನಕ್ಕೆಂದು. ಶಾನುಭೋಗರು ಮಾಡುತ್ತಿದ್ದುದು ಗೌರೀಶನಿಗೆ ಪಾಠ. ಅಮ್ಮನ ಮಾತು ಕೇಳಿ ಆ ದಿನ ಮರಿಯನ್ನು ಎತ್ತಿಕೊಂಡಿದ್ದರೆ ತರಗತಿಯನ್ನೇ ಮುಚ್ಚಿಸಿದ ಹಾಗಾಗುತ್ತಿತ್ತು. ನಾನು ಅಧ್ಯಾಪಕನಾಗಿ ಸೇರಿದ ಮೊದಲ ವರ್ಷ, ನಮ್ಮ ವಿಭಾಗದ ಹಿರಿಯರೊಬ್ಬರು ಆರು ತಿಂಗಳ ಕಾಲ ಸೀಮೆಸುಣ್ಣ ಕೇಳುವುದಕ್ಕಲ್ಲದೆ ನನ್ನೊಡನೆ ಬಾಯಿ ಬಿಡಲಿಲ್ಲ. ಕಿಟಕಿಯ ಪಕ್ಕದ ಕುರ್ಚಿ ಅವರದೆಂದು ಯಾರೂ ಹೇಳಿರಲಿಲ್ಲ. ನಾನು ಒಂದು ದಿನ ಅದರಲ್ಲಿ ಕುಳಿತಿದ್ದೆ. ಅವರು ಹಲ್ಲು ಕಟಕಟಿಸಲಿಲ್ಲವೆಂಬುದನ್ನು ಈಗ ಕೃತಜ್ಞತೆಯಿಂದ ನೆನೆಯುತ್ತೇನೆ.

ಇಲ್ಲಿಗೆ ಕಥೆ ಮುಗಿಯಿತೆಂದು ತಿಳಿದಿದ್ದೆ. ಗೌರೀಶನಿಗೆ ಆರು ತಿಂಗಳು ತುಂಬಿ ತೂಕ 800 ಗ್ರಾಂ ದಾಟುತ್ತಲೇ ಆತನೂ ಗುರುಗುರು ಎನ್ನುತ್ತ ಸವಾರಿ ಹೊರಡತೊಡಗಿದ. ಶಾನುಭೋಗರ ಮುಂದೆಯೇ! ಇದು ಹುಡುಗಾಟದ ವಯಸ್ಸು. ವರ್ಷ ತುಂಬುವವರೆಗೆ, ಕೆಲವಕ್ಕೆ ಅದರಾಚೆಗೂ, ಇರುತ್ತದೆ. ಚೆನ್ನಾಗಿ ಹೊಂದಿಕೊಂಡ ಜೋಡಿಗಳು ಒಡೆಯುವುದು ಈಗಲೇ. ಎರಡು ವಾರ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಒಂದು ರಾತ್ರಿ ಎರಡು ಗಂಟೆಗೆ ಇಬ್ಬರೂ ಉಂಡೆಯಾಗಿ ಉರುಳಾಡಿದರು. ಟವೆಲು ಹಾಕಿ ಬಿಡಿಸಿದಾಗ ಶಾನುಭೋಗರ ತುಟಿಯಲ್ಲಿ ರಕ್ತ.

ಆ ಹೊತ್ತಿನಲ್ಲಿ ದೀಪದಡಿಯಲ್ಲಿ ನಾವಿಬ್ಬರೂ ನೆಲದ ಮೇಲೆ ಕುಳಿತಿದ್ದೆವು. ಶಾನುಭೋಗರು ಮನೆಯಾಕೆಯ ಮಡಿಲಲ್ಲಿ ನಡುಗುತ್ತಿದ್ದರು. ಬೇರೆ ಬೇರೆ ಮಾಡಿಬಿಟ್ಟರೆ ಇಬ್ಬರೂ ಒಂಟಿ. ಆಗ ಲೆಕ್ಕ ಒಂದರಿಂದ ಎರಡಾದಂತಾಯಿತು. ಕೂಡಿಸಿದರೆ ಮುದುಕನ ಗತಿಯೇನು? ಎಷ್ಟೋ ಹೊತ್ತಿನ ಮೇಲೆ ಅವಳೆಂದಳು: "ಗೂಡು ಚಿಕ್ಕದಾಯ್ತೂಂದ್ರೆ. ಮೊದಲು ಮರಿ ಇತ್ತು, ಸಾಕಾಗಿತ್ತು. ಈಗ ಎರಡು ಯಜಮಾನರು. ನಮ್ಮ ಅತ್ತೆ ನಾನು ಒಂದೇ ಒಲೆ ಮುಂದೆ ಒದ್ದಾಡಿದ ಹಾಗೆ."

ನನ್ನ ತಾಯಿ ಒಳಕೋಣೆಯಲ್ಲಿ ನಿದ್ರಿಸುತ್ತಿದ್ದರೆಂದು ನಂಬಿದ್ದೇನೆ.

ಅವಳ ಮಾತೇ ನಿಜವಾಯಿತು. ನಾಲ್ಕಡಿಗೆ ಎರಡಡಿಯ ಗೂಡು ಅದು. ಎರಡು ಬೆಳೆದ ಗಂಡುಗಳಿಗೆ ಹತ್ತು ಚದರಡಿಗೆ ಕಡಮೆಯಾಗಬಾರದು. ನಡುಮನೆಯ ದಿವಾನವನ್ನು ಮಹಡಿಗೆ ಸಾಗಿಸಿ ಆರಡಿಗೆ ಎರಡಡಿಯ ಅಂಗಳ ಮಾಡಿಸಿದೆವು. ತುಟಿ ಮಾಯುವವರೆಗೆ ನಡುವೆ ತಂತಿಬಲೆ; ವಾಸನೆ, ಸದ್ದು, ಮುಖ ಮೂರೂ ತಪ್ಪದಂತೆ. ರಾತ್ರಿ ಇಬ್ಬರೂ ಬಲೆಗೆ ಆತು, ಬೆನ್ನಿಗೆ ಬೆನ್ನು ಕೊಟ್ಟು ಮಲಗಿರುವುದನ್ನು ಮಗಳು ಕಂಡಳು. ಐದನೆಯ ದಿನ ನಡುಮನೆಯ ಜಮಖಾನ, ಹುಲ್ಲಿನ ರಾಶಿ, ಮೊರ, ಎಲ್ಲವನ್ನೂ ಮೊದಲಿನಂತೆ ಅಣಿಮಾಡಿ ಬಿಟ್ಟೆವು. ಈ ಸಲ ಅಮ್ಮ ಕೂಗಲಿಲ್ಲ. ಜಪಮಾಲೆ ಹಿಡಿದು ಕುಳಿತಿದ್ದರು.

ಇಬ್ಬರೂ ಮುಖಾಮುಖಿಯಾದರು. ಮೂಗುಗಳು ಮೇಲೇರಿದುವು. ಒಂದು ಗಳಿಗೆ, ಎರಡು ಗಳಿಗೆ. ಆಮೇಲೆ ಶಾನುಭೋಗರು ತಲೆ ತಗ್ಗಿಸಿ, ಪಕ್ಕಕ್ಕೆ ತಿರುಗಿ, ಏನೂ ನಡೆಯದವರಂತೆ ಒಂದು ಗರಿಕೆಯನ್ನು ಕಚ್ಚಿ ಎಳೆದರು. ಅಷ್ಟೆ. ಪಟೇಲಿಕೆ ಕೈ ಬದಲಾಯಿಸಿತು. ಇದಕ್ಕೆ ವ್ಯಾಕರಣದಲ್ಲಿ ಆದೇಶಸಂಧಿ ಎನ್ನುತ್ತಾರೆ. ನನಗೆ ಸ್ವಲ್ಪ ನೋವಾಯಿತು. ಅವರಿಗೆ ಆದಂತೆ ತೋರಲಿಲ್ಲ. ಹುಟ್ಟಿನಿಂದ ಎರಡನೆಯವರಾಗಿ ಬಾಳಿದವರು, ನಡುವೆ ನಾಲ್ಕು ತಿಂಗಳು ಯಾರೂ ಇಲ್ಲವೆಂದು ಅಧಿಕಾರ ವಹಿಸಿಕೊಂಡಿದ್ದರೆಂದು ತೋರುತ್ತದೆ.

ಈಗ ಊಟಕ್ಕೆ ಗೌರೀಶ ಮುಂದೆ, ಶಾನುಭೋಗರು ಅರ್ಧ ಅಡಿ ಹಿಂದೆ. ದೊಣ್ಣೆಮೆಣಸಿನಕಾಯಿಯ ಮೊದಲ ಹೋಳು ಅವನಿಗೆ. (ಈ ತರಕಾರಿ ತಪ್ಪಬಾರದು. ನಮ್ಮಂತೆಯೇ ಈ ಪ್ರಾಣಿಯ ಮೈ ಸಿ ಜೀವಸತ್ವವನ್ನು ತಯಾರಿಸಲಾರದು. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಖ್ ಎಂಬ ಇಬ್ಬರು ಇದರಲ್ಲಿ ಸ್ಕರ್ವಿ ರೋಗವನ್ನು ಬರಿಸಿ ತೋರಿಸಿದ್ದರಿಂದಲೇ ಆ ಜೀವಸತ್ವದ ಶೋಧಕ್ಕೆ ದಾರಿಯಾಯಿತು.) ಎರಡನೆಯ ಹೋಳನ್ನು ಮನೆಯಾಕೆ ಇನ್ನೊಂದು ಕಡೆಯಿಂದ ಶಾನುಭೋಗರ ಮೂಗಿನಡಿಗೇ ಸರಿಸುತ್ತಾಳೆ. ಮಧ್ಯಾಹ್ನ ಇಬ್ಬರೂ ಮೈಗೆ ಮೈ ಹತ್ತಿಸಿ ಮಲಗುತ್ತಾರೆ. ತಕ್ಕಡಿಯ ಲೆಕ್ಕವನ್ನು ಹಾಲಿನ ಲೆಕ್ಕದ ಡೈರಿಯಲ್ಲಿ ಈಗ ಅವಳೇ ಬರೆದಿಡುತ್ತಾಳೆ: ಹೋದ ಶನಿವಾರ ಶಾನುಭೋಗರು 1,060, ಗೌರೀಶ 1,010. ಅದರ ಕೆಳಗೆ ಪೆನ್ಸಿಲಿನಲ್ಲಿ ಸಣ್ಣದಾಗಿ, ಯಾವ ಇಸವಿಗೆ ಯಾರಿಗೆ ಎಷ್ಟು ವಯಸ್ಸಾಗುತ್ತದೆ ಎಂದು ಕೂಡಿ ಕಳೆದ ಒಂದು ಲೆಕ್ಕವಿದೆ. ನಾನು ಅದನ್ನು ನೋಡಿದೆನೆಂದು ಹೇಳಿಲ್ಲ.

ಗರಿಕೆಯ ಖರ್ಚು ಹೆಚ್ಚಾಗಿದೆ. ನಿನ್ನೆ ಅಗ್ರಹಾರದಲ್ಲಿ ಆರು ಕಟ್ಟು ಕೇಳಿದಾಗ ಹೂವಿನ ಅಜ್ಜಿ ತಲೆಯೆತ್ತಿ ನೋಡಿದರು. ಹಿಂದೆ ನೂರೊಂದು ಗಣಪತಿಯ ಗುಡಿಯಲ್ಲಿ ಗಂಟೆ ಬಾರಿಸುತ್ತಿತ್ತು.

"ನಿಮ್ಮನೇಲಿ ಎಷ್ಟು ಗಣಪತಿ ಇಟ್ಕೊಂಡಿದೀರಿ ಸ್ವಾಮಿ?"

"ಎರಡು" ಎಂದೆ.